ನಿಮ್ಮ ಕಥೆಯ ಅಜ್ಜ ಸಂಜೆ ಮೇಲೆ ನೀರು ಯಾಕೆ ಕುಡಿಯಲ್ಲ?

ನಮಸ್ಕಾರ. ದೀಪಾವಳಿ ಸಂಚಿಕೆಗೆ ನೀವು ಕಳ್ಸಿರೋ ಕಥೆ ಎರಡು ಸಲ ಓದಿದೆ, ಒಂದ್ಸಲ ಲೋಕಲ್ ಟ್ರೇನಲ್ಲಿ ನಿಂತ್ಕೊಂಡೇ. ಈಗಿರೋ ಹಾಗೆ ಹಾಕಕ್ಕಾಗಲ್ಲ, ನೇರವಾಗಿ ಹೇಳ್ತೀನಿ, ಬೇಜಾರಾಗ್ಬೇಡಿ.

ಮೊದ್ಲು ಕಾನೂನು. ನಿಮ್ಮ ಡೊಂಬಿವಲಿ ಡಾಕ್ಟ್ರು 'ಸುಪ್ರೀಂ ಕೋರ್ಟು 2018ರಲ್ಲೇ ಒಪ್ಪಿದೆ' ಅಂದು, ಸಾವು ಬೇಡ್ತಿರೋ ಅಜ್ಜನಿಗೆ ಸಾಯೋ ಇಂಜೆಕ್ಷನ್ ಕೊಟ್ಬಿಡ್ತಾರೆ. ಅಯ್ಯೋ, ಜೈಲಿಗೆ ಹೋಗ್ತಾರೆ ಅವ್ರು! ಕೋರ್ಟು ಒಪ್ಪಿದ್ದು ಏನಪ್ಪಾ ಅಂದ್ರೆ, ವಾಸಿಯಾಗೋ ದಾರಿನೇ ಇಲ್ಲದ ರೋಗಿಗೆ ವೆಂಟಿಲೇಟರ್ ಥರದ್ದನ್ನ ತೆಗೀಬಹುದು, ಹಾಗೆ ಮಾಡಿ ಅಂತ ಮುಂಚೆನೇ ಲಿವಿಂಗ್ ವಿಲ್ ಬರೆದಿಡಬಹುದು, ಅದಕ್ಕೂ ಎರಡೆರಡು ಮೆಡಿಕಲ್ ಬೋರ್ಡು ಹೂಂ ಅನ್ಬೇಕು. ನೆದರ್ಲೆಂಡ್ಸಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ ಡಾಕ್ಟರ ಕೈಯಿಂದಲೇ ಸಾವು ಕೇಳ್ಕೊಳೋಕೆ ಕಾನೂನಿದೆ, ಇಲ್ಲಿಲ್ಲ.

ಆಮೇಲೆ ಅರುಣಾ ಶಾನಭಾಗ್ ಬಗ್ಗೆ ಅಜ್ಜನ ಒಂದೂವರೆ ಪುಟ ಭಾಷಣ. ಹಳದೀಪುರದ ಹುಡುಗಿ, ಪರೇಲ್‌ನ ಕೆಇಎಂ ನರ್ಸು, 1973ರಲ್ಲಿ ದಾಳಿ, 2015ರ ತನಕ ಅದೇ ಆಸ್ಪತ್ರೆಯ ಮಂಚ, ಮುಂಬೈ ಕನ್ನಡಿಗರಿಗೆ ಇದು ಗೊತ್ತಿಲ್ವಾ? ನೀವು ಬಿಟ್ಟಿರೋದು ಬೇರೆ. ಅವಳನ್ನ ಸಾಯೋಕೆ ಬಿಡಿ ಅನ್ನೋ ಅರ್ಜಿನ 2011ರಲ್ಲಿ ಕೋರ್ಟು ತಳ್ಳಿಹಾಕ್ದಾಗ, ಬೇಡ, ನಾವು ನೋಡ್ಕೋತೀವಿ ಅಂತ ನಿಂತಿದ್ದವ್ರು ಅಲ್ಲಿನ ನರ್ಸ್‌ಗಳೇ. ನಿಮ್ಮ ಅಜ್ಜನಿಗೆ ಹಾಗೆ ಅನ್ನೋರು ಯಾರಿದಾರೆ?

ಆರನೇ ಪುಟದಲ್ಲಿ ಒಂದು ಸಾಲಿದೆ: 'ಸಂಜೆ ಆರರ ಮೇಲೆ ಅಜ್ಜ ನೀರು ಮುಟ್ತಿರ್ಲಿಲ್ಲ, ರಾತ್ರಿ ಬಾತ್ರೂಮಿಗೆ ಅಮ್ಮನ್ನ ಎಬ್ಬಿಸ್ಬೇಕಾಗುತ್ತೆ ಅಂತ.' ಇಷ್ಟು ಬರೆದು ಅದನ್ನ ಅಲ್ಲೇ ಬಿಟ್ಟು ಹೋಗಿದೀರಲ್ರೀ! ಒನ್ ರೂಮ್ ಕಿಚನ್ನು, ಬೆಳಗ್ಗೆ ಐದೂ ನಲವತ್ತರ ಲೋಕಲ್ ಹಿಡಿಯೋ ಸೊಸೆ, ಯಾರೂ ಕೆಟ್ಟೋರಲ್ಲ. ಇಂಥ ಮನೇಲಿ ಮುದುಕ 'ನಂಗೆ ಸಾಕು' ಅಂದ್ರೆ ಅದು ಪೂರ್ತಿ ಅವನ ಮಾತೇನಾ, ಇಲ್ಲಾ ನೀರು ಬಿಟ್ಟಂಗೇ ಉಸಿರೂ ಬಿಡೋಣ ಅಂತ ಲೆಕ್ಕ ಹಾಕ್ದಾನಾ? ನಮ್ಮಮ್ಮನ ಕೊನೇ ತಿಂಗಳು ನೋಡಿದ್ಮೇಲೆ ನಾನಂತೂ ಇಲ್ಲೂ ಅಂಥ ಕಾನೂನು ಬರ್ಲಿ ಅನ್ನೋನೇ, ಆದ್ರೂ ಆ ಸಾಲು ಓದಿ ಬಾಯಿ ಕಟ್ಟಿಹೋಯ್ತು.

ಭಾಷಣ ತೆಗೀರಿ, ಬೇಕಾದ್ರೆ ಡಾಕ್ಟ್ರನ್ನೂ ತೆಗೀರಿ. ಕಥೆಯ ಅಮ್ಮನಿಗೆ ಒಂದು ರಾತ್ರಿ ಕೊಡಿ, ಲೋಟ ಯಾಕೆ ತುಂಬಿದಂಗೇ ಇದೆ ಅಂತ ಅವಳಿಗೆ ಹೊಳೆಯೋ ರಾತ್ರಿ. ಗಣಪತಿ ಹಬ್ಬದೊಳಗೆ ಕಳ್ಸಿ, ಯೂನಿಕೋಡಲ್ಲೇ ಇರ್ಲಿ, ಇಲ್ಲಾಂದ್ರೆ ನಮ್ಮ ಡಿಟಿಪಿ ಹುಡುಗ ನನ್ನ ಬಯ್ತಾನೆ.