ಮಂಗಳೂರು ಕಡೆ ಸಣ್ಣ ಕಾಲೇಜಿನ ಫಿಸಿಕ್ಸ್ ಮೇಷ್ಟ್ರುಗಳೂ ಕಡಲ ಮರಳಿನ ವಿಕಿರಣ ಅಳೆಯುವುದು ಯಾಕೆ?

ಸಂಶೋಧನೆಗೆ ಬೇಕಾದ ವಸ್ತು ಮನೆ ಬಾಗಿಲಲ್ಲೇ ಬಿದ್ದಿದೆ, ಅದಕ್ಕೆ. ಉಳ್ಳಾಲದ ಕಡಲತೀರದಲ್ಲಿ ಕೆಲವು ಕಡೆ ಮರಳಿನ ಜೊತೆ ಮೊನಜೈಟ್ ಎಂಬ ಖನಿಜ ಬೆರೆತಿದೆ. ಅದರೊಳಗೆ ಥೋರಿಯಂ ಇದೆ. ಅದು ತಾನಾಗಿಯೇ ಒಡೆಯುತ್ತಾ ವಿಕಿರಣ ಸೂಸುತ್ತದೆ. ಎಷ್ಟು ನಿಧಾನ ಅಂದರೆ, ಅರ್ಧ ಕರಗಲು ಸುಮಾರು 1,400 ಕೋಟಿ ವರ್ಷ ಬೇಕು!

ಆದರೆ ಎಲ್ಲಾ ಕಡೆ ಯಾಕಿಲ್ಲ? ಗೆರಸೆಯಲ್ಲಿ ಅಕ್ಕಿ ಕೇರುವುದನ್ನು ನೋಡಿದ್ದೀರಲ್ವಾ? ಅಲೆಗಳೂ ಅದನ್ನೇ ಮಾಡುತ್ತವೆ. ಮಾಮೂಲಿ ಮರಳಿನ ಕಣಕ್ಕಿಂತ ಮೊನಜೈಟ್ ಕಣ ಹೆಚ್ಚುಕಮ್ಮಿ ಎರಡು ಪಟ್ಟು ಭಾರ. ಹಗುರಾದದ್ದು ನೀರಿನ ಜೊತೆ ಹೋಗುತ್ತದೆ, ಭಾರದ್ದು ಅಲ್ಲಲ್ಲೇ ಗುಂಪಾಗಿ ಉಳಿಯುತ್ತದೆ. ಹಾಗಾಗಿ ನೂರು ಹೆಜ್ಜೆ ಆಚೆ ಹೋದರೆ ಲೆಕ್ಕವೇ ಬೇರೆ. ಜಾಗ ಜಾಗದಲ್ಲಿ ಅಳೆಯಲೇಬೇಕು.

ಪಾಠದ ನಡುವೆ ಮಾಡಲು ಇದು ಹೇಳಿ ಮಾಡಿಸಿದ ಕೆಲಸ. ರಜೆಯಲ್ಲಿ ಮರಳು ತಂದು, ಒಣಗಿಸಿ, ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಸುಮಾರು ಒಂದು ತಿಂಗಳು ಇಡುತ್ತಾರೆ. ವಿಕಿರಣ ವಸ್ತು ಒಡೆಯುವಾಗ ಒಳಗೆ ಹುಟ್ಟುವ ರೇಡಾನ್ ಎಂಬ ಅನಿಲ ಸೋರಿಹೋದರೆ ಲೆಕ್ಕ ತಪ್ಪುತ್ತದೆ. ಆಮೇಲೆ ದುಬಾರಿ ಗಾಮಾ ಡಿಟೆಕ್ಟರ್ (ಗಾಮಾ ಎಂಬ ವಿಕಿರಣವನ್ನು ಗುರುತಿಸುವ ಯಂತ್ರ) ಇರುವ ಲ್ಯಾಬಿಗೆ ಒಯ್ದು, ಮರಳಿನಿಂದ ಹೊರಬರುವ ಕಿರಣಗಳನ್ನು ಗಂಟೆಗಟ್ಟಲೆ ಎಣಿಸಿದರಾಯಿತು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಈ ವಿಷಯದಲ್ಲಿ ಹಳೇ ಕೈ.

ಅಂದಹಾಗೆ, ಸಂಜೆ ಉಳ್ಳಾಲಕ್ಕೆ ಗಾಳಿ ತಿನ್ನಲು ಹೋಗುವವರು ಸುಮ್ನೆ ಹೆದರಬೇಕಿಲ್ಲ.