ಗಣಿ ಮುಚ್ಚಿದ ಮೇಲಿನ ಖರ್ಚು ಯಾರದು?

ಪ್ರಶ್ನೆ: ಒಮ್ಮೆ ತೆಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ಹೀಗಿರುವಾಗ ‘ಸುಸ್ಥಿರ ಗಣಿಗಾರಿಕೆ’ ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವಿದೆಯೇ? ಕಂಪನಿ ಗಣಿಯನ್ನು ಬರಿದು ಮಾಡಿ ಹೊರಟುಹೋದರೆ ಆ ನೆಲವನ್ನು ಸರಿಪಡಿಸುವ ಹೊಣೆ ಯಾರದು?

ಉತ್ತರ: ಅದಿರಿನ ಮಟ್ಟಿಗೆ ಹೇಳುವುದಾದರೆ ಯಾವ ಗಣಿಯೂ ಸುಸ್ಥಿರವಲ್ಲ, ನಿಮ್ಮ ಸಂಶಯ ಸರಿಯಾಗಿಯೇ ಇದೆ. ಅದಿರು ಮಾರಿ ಬಂದ ಹಣ ಎಲ್ಲಿ ಸೇರಬೇಕು, ಅಗೆದ ನೆಲ ಕೊನೆಗೆ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಮಾತ್ರ ಕಾನೂನು ನಿರ್ಧರಿಸಬಲ್ಲದು. ಹಣದ ವಿಷಯದಲ್ಲಿ, ತೈಲದ ವರಮಾನವನ್ನು ಮುಂದಿನ ಪೀಳಿಗೆಗಳಿಗೂ ಉಳಿಸಲೆಂದು 1990ರಲ್ಲಿ ಕಾಯ್ದೆಯ ಮೂಲಕ ನಿಧಿ ಸ್ಥಾಪಿಸಿದ ನಾರ್ವೆಯ ಉದಾಹರಣೆ ಪ್ರಸಿದ್ಧವಾದದ್ದು. ನೆಲದ ಪ್ರಶ್ನೆ ಅದಕ್ಕಿಂತ ಕಠಿಣ. ಯೋಜನಾ ವರದಿಗಳಲ್ಲೇನೋ ಎಲ್ಲ ಗಣಿಗಳೂ ಹಸಿರಾಗಿಯೇ ಮುಚ್ಚುತ್ತವೆ!

ಅಮೆರಿಕದ 1977ರ ಮೇಲ್ಮೈ ಕಲ್ಲಿದ್ದಲು ಗಣಿ ಕಾಯ್ದೆಯು ಪುನಶ್ಚೇತನದ, ಅಂದರೆ ಅಗೆದ ನೆಲವನ್ನು ಸರಿಪಡಿಸುವ, ವೆಚ್ಚಕ್ಕೆ ಮೊದಲೇ ಭದ್ರತೆ (ಹಣದ ಖಾತರಿ) ಒದಗಿಸದ ಹೊರತು ಪರವಾನಗಿ ಕೊಡುವುದಿಲ್ಲ. ಗುಂಡಿ ತುಂಬಿ, ಇಳಿಜಾರು ಸರಿಪಡಿಸಿ, ನೀರು ಹರಿಯುವ ವ್ಯವಸ್ಥೆ ಮಾಡಿದ ಮೇಲೆ ಆ ಭದ್ರತೆಯ ಶೇ. 60ರಷ್ಟನ್ನು ಬಿಡುಗಡೆ ಮಾಡಬಹುದು. ಉಳಿದದ್ದು ಪೂರ್ತಿಯಾಗಿ ಕೈಸೇರಬೇಕಾದರೆ ಬಿತ್ತಿದ ಸಸ್ಯಗಳು ಐದು ವರ್ಷ, ಮಳೆ ಕಡಿಮೆ ಇರುವಲ್ಲಿ ಹತ್ತು ವರ್ಷ, ನೆಲದಲ್ಲಿ ನೆಲೆಯೂರಿರಬೇಕು. ಆದರೆ ಆರ್ಥಿಕವಾಗಿ ಬಲವಾಗಿರುವ ಕಂಪನಿಯ ಸ್ವಂತ ಮುಚ್ಚಳಿಕೆಯನ್ನೇ ಭದ್ರತೆಯೆಂದು ಒಪ್ಪಲು ಅದೇ ಕಾಯ್ದೆ ಅವಕಾಶ ನೀಡಿದೆ. 2015–16ರ ಸುಮಾರಿಗೆ ದೊಡ್ಡ ಕಲ್ಲಿದ್ದಲು ಕಂಪನಿಗಳೇ ದಿವಾಳಿ ಅರ್ಜಿ ಹಾಕಿದಾಗ, ಬರಿಯ ಮುಚ್ಚಳಿಕೆಯ ಬೆಲೆ ಎಷ್ಟೆಂಬುದು ಬಯಲಾಯಿತು. ಹಣವಿಲ್ಲದೆ ಕೈಬಿಟ್ಟ ಗಣಿಯ ಹೊರೆ ಕೊನೆಗೆ ಬೀಳುವುದು ತೆರಿಗೆದಾರರ ಮೇಲೆ, ಇಲ್ಲವೇ ಅದರ ಪಕ್ಕದಲ್ಲೇ ಬದುಕುವವರ ಮೇಲೆ.

ಪಶ್ಚಿಮ ಆಸ್ಟ್ರೇಲಿಯಾ 2012ರ ಕಾಯ್ದೆಯಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಗಣಿಗಳು ತಮ್ಮ ಅಂದಾಜು ಪುನಶ್ಚೇತನ ವೆಚ್ಚದ ಶೇ. 1ರಷ್ಟನ್ನು ಪ್ರತಿ ವರ್ಷ ಸಾಮೂಹಿಕ ನಿಧಿಗೆ ಕಟ್ಟುತ್ತವೆ. ಹಳೆಯ ಅನಾಥ ಗಣಿಗಳಿಗೂ ಇದರಿಂದ ನೆರವು ದೊರೆಯುತ್ತದೆ. ಆದರೆ ಒಂದೇ ಸಲ ಹಲವು ದೊಡ್ಡ ಗಣಿಗಳು ನೆಲಕಚ್ಚಿದರೆ ನಿಧಿ ಸಾಲುವುದು ಕಷ್ಟ.

ಇಷ್ಟಾದರೂ ಗಂಧಕಯುಕ್ತ ಅದಿರಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಅಗೆದು ರಾಶಿ ಹಾಕಿದ ಪೈರೈಟ್ (ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ) ಗಾಳಿ ಮತ್ತು ನೀರಿಗೆ ತೆರೆದುಕೊಂಡಾಗ ಗಂಧಕಾಮ್ಲ ಉಂಟಾಗುತ್ತದೆ. ಆ ಆಮ್ಲ ಬಂಡೆಯೊಳಗಿನ ಲೋಹಗಳನ್ನು ಕರಗಿಸಿ ಹಳ್ಳಗಳಿಗೆ ಒಯ್ಯುತ್ತದೆ. ಇದು ಶತಮಾನಗಳವರೆಗೆ ನಿಲ್ಲದಿರಬಹುದು, ಭದ್ರತೆಗೆ ಮಾತ್ರ ಅವಧಿಯುಂಟು. ಆದ್ದರಿಂದಲೇ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಂಥ ಕಡೆ ನೀರಿನ ಶುದ್ಧೀಕರಣದ ಖರ್ಚನ್ನು ನಿರಂತರವಾಗಿ ಭರಿಸುವ ಟ್ರಸ್ಟ್ ನಿಧಿಗಳನ್ನು ಕಂಪನಿಗಳಿಂದ ಮಾಡಿಸಲಾಗಿದೆ. ನನ್ನ ಅಭಿಪ್ರಾಯದಲ್ಲಿ, ಅಂಥ ನಿಧಿಯನ್ನು ಮೊದಲೇ ಇಡಲಾಗದ ಕಂಪನಿಗೆ ಅಂಥ ಅದಿರನ್ನು ಅಗೆಯುವ ಪರವಾನಗಿಯನ್ನೇ ಕೊಡಬಾರದು.