ಸಂಪಾದಕರ ಉತ್ತರ: ಬಿಲ್ ತಡವಾದರೆ ಸಂಬಳ ಯಾರು ಕೊಡುತ್ತಾರೆ?

ರಾಜಾಜಿನಗರದ ಓದುಗರಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ನಿಮ್ಮ ಪತ್ರದ ಸಾರ ಇಷ್ಟು. ನಿಮ್ಮದು ಬೀದಿಯಲ್ಲಿ ಮಲಗುವವರ ನಡುವೆ ಕೆಲಸ ಮಾಡುವ ಪುಟ್ಟ ಟ್ರಸ್ಟ್. ರಾತ್ರಿ ತಂಗುದಾಣ ನಡೆಸಲು ಟೆಂಡರ್ ಕರೆದಾಗಲೆಲ್ಲ ಮೂರು ವರ್ಷದ ಟರ್ನೋವರ್ (ವಾರ್ಷಿಕ ಹಣಕಾಸು ವಹಿವಾಟು) ಷರತ್ತಿನಲ್ಲೇ ಹೊರಗುಳಿಯುತ್ತೀರಿ. ಈಗ ಆರೋಗ್ಯದ ಕೆಲಸ ಮಾಡುವ ಒಂದು ಸಂಘ, ಊಟ ಒದಗಿಸುವ ಒಂದು ದೊಡ್ಡ ಸಂಸ್ಥೆ ನಿಮ್ಮನ್ನು ಕರೆದು ‘ಮೂವರೂ ಸೇರಿ ಹಾಕೋಣ’ ಎಂದಿವೆ. ದೊಡ್ಡವರು ನಮ್ಮನ್ನು ನುಂಗಿಬಿಟ್ಟರೆ ಅನ್ನೋದು ನಿಮ್ಮ ಭಯ.

ಸೇರಿ ಹಾಕಿ ಅಂತಲೇ ಹೇಳುತ್ತೇನೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರಕಾರ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಜಾಗ ಇರಬೇಕಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಅಂದರೆ ಆಗಲೇ 8,400 ಜನರಿಗೆ ಜಾಗ ಬೇಕಿತ್ತು. ಇಷ್ಟು ಕೆಲಸ ಒಂದು ಸಂಸ್ಥೆಯ ಕೈಯಲ್ಲಿ ಆಗುವಂಥದ್ದಲ್ಲ.

ಆದರೆ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್ ಕಡೆಯಿಂದ ಒಬ್ಬರನ್ನು ಕರೆತರುತ್ತಾರೆ ಅಂದುಕೊಳ್ಳಿ. ಮೈ ಸುಡುತ್ತಿದೆ, ಕೈಯಲ್ಲಿ ಆಧಾರ್ ಇಲ್ಲ. ಕೇರ್‌ಟೇಕರ್ ಯಾರಿಗೆ ಫೋನ್ ಮಾಡಬೇಕು? ಆಸ್ಪತ್ರೆಗೆ ಯಾರು ಜತೆ ಹೋಗುತ್ತಾರೆ? ಆಟೋ ದುಡ್ಡು ಯಾರ ಲೆಕ್ಕಕ್ಕೆ? ಇದನ್ನೆಲ್ಲ ಮೂವರೂ ಕೂತು ಮೊದಲೇ ಬರೆದಿಟ್ಟಿರದಿದ್ದರೆ ಅವತ್ತು ರಾತ್ರಿ ಮೂವರೂ ಇನ್ನೊಬ್ಬರ ಮುಖ ನೋಡುತ್ತೀರಿ. ಕಷ್ಟ ಪಡುವವರು ಆ ಕೇರ್‌ಟೇಕರ್, ಆ ರೋಗಿ.

ಅದಕ್ಕಿಂತ ದೊಡ್ಡ ಪ್ರಶ್ನೆ ಬಿಲ್‌ನದ್ದು. ಸರ್ಕಾರಿ ಬಿಲ್ ತಿಂಗಳುಗಟ್ಟಲೆ ನಿಲ್ಲುತ್ತದೆ, ಇದು ನಿಮಗೂ ಗೊತ್ತು ಅಲ್ವಾ? ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಕೊಡಲೇಬೇಕು. ದೊಡ್ಡ ಸಂಸ್ಥೆ ಲೀಡ್ ಪಾರ್ಟ್‌ನರ್ (ಮುಖ್ಯ ಪಾಲುದಾರ) ಆಗಿ ಸಹಿ ಹಾಕುತ್ತದೆ, ಹಣ ಅವರ ಖಾತೆಗೇ ಬರುತ್ತದೆ. ಬಿಲ್ ಬರುವ ತನಕ ಮೂರು ಸಂಸ್ಥೆಗಳ ಸಿಬ್ಬಂದಿಗೂ ಅವರು ಮುಂಗಡ ಕೊಡುತ್ತಾರಾ? ಬಿಲ್ ಬಂದ ಎಷ್ಟು ದಿನದೊಳಗೆ ನಿಮ್ಮ ಪಾಲು ಕೈಗೆ ಸಿಗಬೇಕು? ದಂಡ ಬಿದ್ದರೆ ಯಾರ ತಪ್ಪಿಗೆ ಯಾರು ಕಟ್ಟುತ್ತಾರೆ? ಕೆಲಸ ಹಂಚಿಕೊಂಡ ಮಾತ್ರಕ್ಕೆ ಹೊಣೆ ಹಂಚಿಹೋಗುವುದಿಲ್ಲ. ಜಂಟಿ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ಪಾಲುದಾರರೂ ಇಡೀ ಕೆಲಸಕ್ಕೆ ಹೊಣೆ. ಇನ್ನೊಬ್ಬರು ಅರ್ಧಕ್ಕೆ ಬಿಟ್ಟುಹೋದರೆ ಬ್ಲ್ಯಾಕ್‌ಲಿಸ್ಟ್ ಪಟ್ಟಿಯಲ್ಲಿ ನಿಮ್ಮ ಹೆಸರೂ ಬರಬಹುದು.

ಇನ್ನು ಕಾನೂನಿನ ಮಾತು. ಟೆಂಡರ್ ದಾಖಲೆಯಲ್ಲಿ ಜಂಟಿಯಾಗಿ ಹಾಕಲು ಅವಕಾಶ ಇದೆಯಾ ಅಂತ ಮೊದಲು ನೋಡಿ. ಮೂವರ ಟರ್ನೋವರ್ ಕೂಡಿಸಿ ಲೆಕ್ಕ ಹಾಕುತ್ತಾರಾ, ಲೀಡ್ ಪಾರ್ಟ್‌ನರ್‌ದು ಮಾತ್ರವಾ ಅನ್ನೋದನ್ನು ಪ್ರೀ-ಬಿಡ್ ಮೀಟಿಂಗ್‌ಗೆ (ಬಿಡ್ ಹಾಕುವ ಮೊದಲು ಅನುಮಾನ ಕೇಳಲು ಕರೆಯುವ ಸಭೆ) ಮುಂಚೆಯೇ ಲಿಖಿತವಾಗಿ ಕೇಳಿ. ಒಳಗೊಳಗೇ ದರ ಮಾತಾಡಿಕೊಂಡು ಬೇರೆ ಬೇರೆ ಬಿಡ್ ಹಾಕುವ ಯೋಚನೆಯನ್ನು ಯಾರಾದರೂ ತಂದರೆ ಅಲ್ಲೇ ಬೇಡ ಅನ್ನಿ. 2002ರ ಸ್ಪರ್ಧಾ ಕಾಯ್ದೆಯಲ್ಲಿ ಅದು ತಪ್ಪು. ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ, ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯ 2020ರ ತಿದ್ದುಪಡಿ ಅದನ್ನು ನಿಲ್ಲಿಸಿದೆ. ಆದ್ದರಿಂದ ಮುಂಗಡ ಆ ಖಾತೆಯಿಂದ ಬರುವ ಹಾಗಿಲ್ಲ.

2025ರ ಸೆಪ್ಟೆಂಬರ್‌ನಿಂದ ನಗರದಲ್ಲಿ ಐದು ಪಾಲಿಕೆಗಳಿವೆ. ತಂಗುದಾಣಗಳನ್ನೆಲ್ಲ ಒಂದೇ ದೊಡ್ಡ ಟೆಂಡರ್‌ಗೆ ಸೇರಿಸದೆ ಒಂದೊಂದಾಗಿ ಕರೆಯಿರಿ ಅಂತ ನಿಮ್ಮ ಪಾಲಿಕೆಗೆ ಬರೆದುಕೊಡಿ. ಟೆಂಡರ್ ಚಿಕ್ಕದಾದರೆ ಟರ್ನೋವರ್ ಷರತ್ತೂ ಇಳಿಯಬಹುದು. ನೀವೇ ಲೀಡ್ ಆಗುವ ಅವಕಾಶವೂ ಇರುತ್ತದೆ. ಬೀದಿಯ ಜನರನ್ನು ಹತ್ತಿರದಿಂದ ಬಲ್ಲವರು ನೀವು. ಆ ಅನುಭವವನ್ನು ಕಡಿಮೆ ಬೆಲೆಗೆ ಕೊಡಬೇಡಿ.

ಸಂಬಳದ ಮುಂಗಡ, ಪಾಲು ಕೈಸೇರುವ ಗಡುವು, ಹೊರಬರುವ ದಾರಿ, ಈ ಮೂರನ್ನೂ ಸ್ಟಾಂಪ್ ಪೇಪರ್ ಮೇಲೆ ಬರೆಸಿ, ಇಎಂಡಿ (ಟೆಂಡರ್ ಜತೆ ಕಟ್ಟುವ ಮುಂಗಡ ಠೇವಣಿ) ಕಟ್ಟುವ ಮೊದಲೇ. ‘ನಂಬಿಕೆ ಇಲ್ವಾ?’ ಎಂದು ಕೇಳಿ ಅವರು ಬರೆಯಲು ಒಪ್ಪದಿದ್ದರೆ, ಈ ಟೆಂಡರ್ ಬಿಟ್ಟುಬಿಡಿ.